ನಕ್ಷೆ ಯಾವ ವರ್ಷದ್ದು ಅನ್ನೋದೂ ಮುಖ್ಯ

ಅಮೆರಿಕದ ಕೋಲ್ಟ್ ಕಂಪನಿಯ 1911ರ ಪಿಸ್ತೂಲಿನ ಬಿಡಿಭಾಗಗಳಿಗೆ ಹಳೆಯ ನಕ್ಷೆಯೇ (ಭಾಗಗಳ ಅಳತೆ ತೋರಿಸುವ ತಯಾರಿಕೆಯ ಚಿತ್ರವೇ) ಅಂತಿಮ ಪ್ರಮಾಣ ಎಂದು ಆ ಪಿಸ್ತೂಲಿನ ಕುರಿತ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ನಾನಿದನ್ನು ಒಪ್ಪಲಾರೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಇನ್ನೊಂದು ಶಸ್ತ್ರಾಸ್ತ್ರ ಕಂಪನಿ ರೆಮಿಂಗ್ಟನ್-ಯುಎಂಸಿಗೆ ಇದೇ ಪಿಸ್ತೂಲು ತಯಾರಿಸುವ ಗುತ್ತಿಗೆ ಸಿಕ್ಕಾಗ, ಕೈಗೆ ಬಂದ ನಕ್ಷೆಗಳ ಅಳತೆ ಒಂದಕ್ಕೊಂದು ತಾಳೆಯಾಗಲಿಲ್ಲ. ಕೊನೆಗೆ ಕೋಲ್ಟ್‌ನ ಸಿದ್ಧ ಪಿಸ್ತೂಲುಗಳನ್ನೇ ಅಳೆದು ಹೊಸದಾಗಿ ನಕ್ಷೆ ಬರೆಯಬೇಕಾಯಿತು. ಅಲ್ಲಿ ತಯಾರಾದದ್ದು ಸುಮಾರು 22 ಸಾವಿರ ಮಾತ್ರ, ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಕಾರ್ಖಾನೆಯ ಟೂಲ್ ರೂಮಿನಲ್ಲಿ ವರ್ಷಗಟ್ಟಲೆ ಮೈಕ್ರೋಮೀಟರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದವನಾಗಿ ಹೇಳುತ್ತೇನೆ: ಅಳತೆ ಬರೆದು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ ಎಂಬ ಮಿತಿ) ಬರೆಯದಿದ್ದರೆ ಅದು ಅರ್ಧ ನಕ್ಷೆ. ಒಬ್ಬರು ಮಾಡಿದ ಸ್ಲೈಡು (ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಸರಿಯುವ ಭಾಗ) ಇನ್ನೊಬ್ಬರ ಫ್ರೇಮಿಗೆ (ಹಿಡಿಯಿರುವ ಕೆಳಗಿನ ಚೌಕಟ್ಟಿಗೆ) ಕೂರಬೇಕಾದರೆ ಎರಡೂ ಬೇಕು. ಈ ನಕ್ಷೆಗಳು ಮುಂದೆ ಎಷ್ಟೋ ಸಲ ತಿದ್ದುಪಡಿಯಾಗಿವೆ. ದಯವಿಟ್ಟು ಲೇಖನದ ಪ್ರತಿ ನಕ್ಷೆಯ ಕೆಳಗೆ ತಿದ್ದುಪಡಿಯ ದಿನಾಂಕ ಹಾಕಿ.