ಹಾರ ಹಾಕಾಕ ಎಲ್ಲಾರೂ ಅದಾರ, ರಾತ್ರಿ ಮಗ್ಗಲಾ ಹೊಳ್ಳಸಾಕ ಯಾರ್ರೀ?

ನಿನ್ನೆ ಜುಲೈ 26, ಕಾರ್ಗಿಲ್ ದಿವಸದ ಕಾರ್ಯಕ್ರಮಕ್ಕ ಕಾಕಾನ್ನ ಕರಕೊಂಡು ಹೋಗಿದ್ದೆ, ಬಂದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮ ಕಾಕಾ ಸೈನ್ಯದಾಗ ಇದ್ದವರು, ಡ್ಯೂಟಿ ಮ್ಯಾಲ ಇದ್ದಾಗ ಗಾಡಿ ಕಂದಕಕ್ಕ ಬಿದ್ದು ಬೆನ್ನೆಲುಬು ಮುರದು ಸೊಂಟದ ಕೆಳಗ ಸ್ವಾಧೀನ ಇಲ್ಲ. ಸ್ಟೇಜಿಗೆ ರ್‍ಯಾಂಪ್ ಇರ್ಲಿಲ್ಲ, ನಾಕು ಹುಡುಗ್ರು ವ್ಹೀಲ್‌ಚೇರ್ ಸಮೇತ ಎತ್ತಿದ್ರು, ಪಾಪ ಪ್ರೀತಿಯಿಂದನ ಎತ್ತಿದ್ರು. ಶಾಲು, ಹಾರ, ಫೋಟೊ ಎಲ್ಲಾ ಆತು. ರಾತ್ರಿ ಕಾಕು ಸಾಕ್ಸ್ ತಗದ್ರ ಹಿಮ್ಮಡಿ ಚರ್ಮ ಕಿತ್ತು ರಕ್ತ ಅಂಟಿಕೊಂಡಿತ್ತು. ಎತ್ತೋವಾಗ ಕಾಲು ಜಾರಿ ಮೆಟ್ಟಲಕ್ಕ ತಿಕ್ಕೇತಿ. ಕಾಕಾಗ ಗೊತ್ತ ಆಗಿಲ್ಲ, ಕಾಲಾಗ ನೋವ ಗೊತ್ತಾಗೂದಿಲ್ಲಲ್ಲ.

ಇಂಥಾ ಒಂದು ಗಾಯ ಮಾಯಾಕ ತಿಂಗಳಗಟ್ಟಲೆ ಬೇಕ್ರಿ. ಎರಡು ತಾಸಿಗೊಮ್ಮೆ ಮಗ್ಗಲಾ ಹೊಳ್ಳಸಬೇಕು, ಇಲ್ಲಂದ್ರ ಬೆಡ್‌ಸೋರ್, ಅಂದ್ರ ಒಂದ ಮಗ್ಗಲಾ ಮಲಗಿ ಆಗೋ ಹುಣ್ಣು. ಮೂತ್ರದ ನಳಗಿ (ಕೆಥೆಟರ್) ಸ್ವಚ್ಛ ಇರಬೇಕು, ಇಲ್ಲಂದ್ರ ಇನ್ಫೆಕ್ಷನ್ ಆಗಿ ಜ್ವರ. ಕೀಲು ಬಿಗೀಬಾರ್ದಂದ್ರ ದಿನಾ ಕಾಲು ಆಡಸಬೇಕು. ಇದು ಕಲತ ನರ್ಸ್‌ಗಳು ಪಾಳಿ ಮ್ಯಾಲ ಮಾಡೋ ಕೆಲಸ, ಸೊಂಟನೋವಿನ ನಮ್ಮ ಕಾಕು ಒಬ್ರ ಮಾಡ್ಲಿಕತ್ತಾರ.

ಪುಣೆ ಖಡ್ಕಿಯೊಳಗ 1974ರಿಂದ ಪ್ಯಾರಾಪ್ಲೆಜಿಕ್ ರಿಹ್ಯಾಬಿಲಿಟೇಶನ್ ಸೆಂಟರ್, ಅಂದ್ರ ಕಾಕಾನಂಗ ಸ್ವಾಧೀನ ಹೋದ ಸೈನಿಕರ ಆರೈಕಿ ಕೇಂದ್ರ ಐತಿ, ಮೊಹಾಲಿಯೊಳಗ 1978ರಿಂದ ಇನ್ನೊಂದು. ಸೈನಿಕರು ಅಲ್ಲೇ ಇರ್ತಾರ, ನರ್ಸಿಂಗ್, ಫಿಸಿಯೋಥೆರಪಿ, ಆಟ, ಕೆಲಸ ಎಲ್ಲಾ ಅಲ್ಲೇ. ಕಾಕಾ ಖಡ್ಕಿಯೊಳಗ ಇದ್ದು ಬಂದಾಗ ತೋಳಿನ ಮ್ಯಾಲ ಭಾರ ಹಾಕಿ ಕುರ್ಚಿಯಿಂದ ಹಾಸಿಗಿಗೆ ತಾವ ದಾಟಿದ್ದ ನೋಡಿ ನಮ್ಮಜ್ಜಿ ಅತ್ತಿದ್ಲು. 1965ರ ಯುದ್ಧದಾಗ ಗುಂಡು ತಿಂದ ಮುರಳಿಕಾಂತ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಾಗ ಈಜಿ ಬಂಗಾರ ತಂದ್ರು ಅಂತ ಕಾಕಾ ಇವತ್ತಿಗೂ ಹೇಳ್ತಾರ. ಆದ್ರ ಪುಣೆ ನಾನೂರು ಕಿಲೋಮೀಟರ್ ಮ್ಯಾಲ. ಅವ್ವನ್ನ, ಊರನ್ನ ಬಿಟ್ಟಿರಾಕ ಆಗ್ಲಿಲ್ಲ, ಬಂದುಬಿಟ್ರು. ಆರೈಕಿ ಬೇಕಂದ್ರ ತನ್ನ ಮಂದಿ ಬಿಡಬೇಕು, ತನ್ನ ಮಂದಿ ಬೇಕಂದ್ರ ಆರೈಕಿ ಬಿಡಬೇಕು, ಇದ್ಯಾವ ನ್ಯಾಯ? ಹುಬ್ಬಳ್ಳಿ-ಧಾರವಾಡದಾಗ ಅಂಥಾದ್ದೊಂದು ಯಾಕ ಬ್ಯಾಡ?

ಪಿನ್ಶನ್ ಬರ್ತೈತಿ, 2003ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಐತಿ, ಅಟೆಂಡೆಂಟ್ ಭತ್ಯೆನೂ ಐತಿ, ಇನ್ನೇನ ಬೇಕು ಅಂತ ಒಬ್ರು ಅಲ್ಲೇ ಕೇಳಿದ್ರು. ಹೌದ್ರಿ, ಕಾರ್ಡಿನಿಂದ ದವಾಖಾನಿ ಸಿಗ್ತೈತಿ, ಗಾಯ ಮಾಯ್ತು ಅಂದ್ರ ಡಿಸ್ಚಾರ್ಜ್. ಆಮ್ಯಾಲ? ರೊಕ್ಕ ಕೊಟ್ಟು ಇಟ್ಟ ಹುಡುಗ ಹನ್ನೊಂದು ದಿನಕ್ಕ ಬಿಟ್ಟು ಹೋದ. ಕಾರ್ಡು ರಾತ್ರಿ ಎರಡಕ್ಕ ಎದ್ದು ಮಗ್ಗಲಾ ಹೊಳ್ಳಸೂದಿಲ್ರೀ.

2016ರಾಗ ನಮ್ಮ ಬೆಟದೂರಿನ ಸೈನಿಕ ಹನುಮಂತಪ್ಪ ಕೊಪ್ಪದ, ಸಿಯಾಚಿನ್ ಹಿಮದಾಗಿಂದ ಆರು ದಿನದ ಮ್ಯಾಲ ಜೀವಂತ ಸಿಕ್ಕಾಗ ಉಳೀಲಿ ಅಂತ ಮನಿಮನಿಯೊಳಗ ದೇವರಿಗೆ ದೀಪ ಹಚ್ಚಿದ ಮಂದಿ ನಾವು. ಆ ಪ್ರೀತಿ ಖರೇ ಇತ್ತು. ಉಳದು ಬಂದು ಹಾಸಿಗಿ ಹಿಡದವರಿಗೂ ಅದ ಪ್ರೀತಿ ಬೇಕು.

ಒಂದು ಮಾತು ಯಾರ ಮುಂದೂ ಹೇಳಿಲ್ಲ. ಹೋದ ವರ್ಷ ಕಾಕುಗ ಡೆಂಗ್ಯೂ ಆಗಿ ಅಡ್ಮಿಟ್ ಇದ್ದಾಗ ಕಾಕಾನ್ನ ನಾನ ನೋಡ್ಕೊಂಡೆ. ಮೂರನೇ ರಾತ್ರಿ ಅಲಾರಾಂ ಹೊಡೀತು, ಬಂದ್ ಮಾಡಿ ಮಲಗಿಬಿಟ್ಟೆ. ಮುಂಜಾನೆ ಟೊಂಕದ ಮ್ಯಾಲ ಅಂಗೈ ಅಗಲ ಕೆಂಪಗಾಗಿತ್ತು. "ಇರ್ಲಿ ಬಿಡೋ ತಮ್ಮಾ, ನಿನಗೂ ನಿದ್ದಿ ಬೇಕಲ್ಲ" ಅಂದ್ರು.

ಈಗ ರಾತ್ರಿ ಹತ್ತೂವರಿ. ಹಿಮ್ಮಡಿ ಹಾಸಿಗಿಗೆ ತಾಗದಂಗ ಮೀನಖಂಡದ ಕೆಳಗ ತಲಿದಿಂಬು ಇಟ್ಟೇನಿ. ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ, ನಾಕಕ್ಕೊಮ್ಮೆ ಏಳಬೇಕು. ಇವತ್ತ ನೀವು ಮಲಗ್ರಿ ಅಂತ ಕಾಕುಗ ಹೇಳೇನಿ.