ಕುಬ್ರಿಕ್ ಪ್ರದರ್ಶನ: ಕೊಡಲಿಗಿಂತ ಕಾಗದ ಮೇಲು

ಸಿನಿಮಾ ನಿರ್ದೇಶಕನೊಬ್ಬನ ಬಗ್ಗೆ ಮ್ಯೂಸಿಯಂನಲ್ಲಿ ಪ್ರದರ್ಶನ ಅಂದಾಗಲೆಲ್ಲ ನನಗೊಂದು ಅನುಮಾನ. ಸಿನಿಮಾ ಇರುವುದು ತೆರೆಯ ಮೇಲೆ, ಕತ್ತಲಲ್ಲಿ. ಅದರ ಕೋಟು, ಹೆಲ್ಮೆಟ್ಟು, ಕೊಡಲಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಹರಿದರೆ ಅದು ಮಠದ ಪಾದುಕೆ ದರ್ಶನವಾಗುತ್ತದೆ. ಕೈ ಮುಗಿಯಬಹುದು, ತಿಳಿಯುವುದೇನೂ ಇಲ್ಲ. 2019ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂನಲ್ಲಿ ನಡೆದ ಸ್ಟಾನ್ಲಿ ಕುಬ್ರಿಕ್ ಪ್ರದರ್ಶನಕ್ಕೂ ಇದೇ ಅನುಮಾನ ಇಟ್ಟುಕೊಂಡು ಹೋಗಿದ್ದೆ. ಅರ್ಧ ನಿಜವಾಯಿತು. ಉಳಿದರ್ಧದ ಬಗ್ಗೆ ಇವತ್ತಿಗೂ ಸಿಕ್ಕವರ ಹತ್ತಿರ ವಾದ ಮಾಡುತ್ತಿರುತ್ತೇನೆ. ಅದನ್ನೇ ಇಲ್ಲಿ ಬರೆದುಬಿಡುತ್ತೇನೆ. ಪೋಸ್ಟು ಉದ್ದ ಇದೆ, ಮೊದಲೇ ಹೇಳಿದ್ದೇನೆ.

ದರ್ಶನದ ಭಾಗ ಬೇಗ ಮುಗಿಸೋಣ. ಒಳಗೆ ಕಾಲಿಟ್ಟ ಕೂಡಲೇ ನೆಲದ ಮೇಲೆ 'ದಿ ಶೈನಿಂಗ್' ಹೋಟೆಲಿನ ಕಾರ್ಪೆಟ್ ವಿನ್ಯಾಸ. ಅಲ್ಲೇ ಅರ್ಧ ಜನ ಸೆಲ್ಫಿಗೆ ನಿಂತುಬಿಟ್ಟಿದ್ದರು. ಮುಂದೆ ಅದೇ ಚಿತ್ರದ ಅವಳಿ ಹುಡುಗಿಯರ ಫ್ರಾಕು, ಅದರ ನಾಯಕ ಜಾಕ್‌ನ ಟೈಪ್‌ರೈಟರ್, '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ಕೊನೆಯಲ್ಲಿ ಬರುವ ಮಗುವಿನ ಬೊಂಬೆ. ತೆರೆಯ ಮೇಲೆ ಮೈ ಜುಂ ಅನ್ನಿಸಿದ್ದ ಆ ಮಗು ಇಲ್ಲಿ ದೀಪದ ಕೆಳಗೆ ಬರೀ ಬೊಂಬೆ.

ಕಾಗದಗಳ ಮುಂದೆ ನಿಂತಾಗ ಕಥೆಯೇ ಬೇರೆ.

ಕುಬ್ರಿಕ್ ತೆಗೆಯದೇ ಹೋದ ಒಂದು ಸಿನಿಮಾ ಇದೆ: ನೆಪೋಲಿಯನ್. '2001' ಬಿಡುಗಡೆಯಾದ 1968ರ ಹೊತ್ತಿಗೆ ಅದರ ತಯಾರಿಗೆ ಕೂತ. ಆಕ್ಸ್‌ಫರ್ಡಿನ ಇತಿಹಾಸಕಾರ ಫೆಲಿಕ್ಸ್ ಮಾರ್ಕಮ್ ಸಲಹೆಗಾರ. ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳು ನೆಪೋಲಿಯನ್ ಮತ್ತು ಅವನ ಸುತ್ತಲಿನವರ ಬದುಕನ್ನು ಸಣ್ಣ ಸಣ್ಣ ಕಾರ್ಡುಗಳ ಮೇಲೆ ತಾರೀಕಿನ ಪ್ರಕಾರ ಬರೆದರು. ಯಾವ ದಿನ ಯಾರು ಎಲ್ಲಿದ್ದರು, ಏನು ಮಾಡುತ್ತಿದ್ದರು ಅಂತ. ಅಷ್ಟನ್ನೂ ಇಟ್ಟ ಮರದ ಬೀರು ಪ್ರದರ್ಶನದಲ್ಲಿತ್ತು. ಹಳೇ ಲೈಬ್ರರಿಗಳಲ್ಲಿ ಕ್ಯಾಟಲಾಗ್ ಕಾರ್ಡಿಗೆ ಇರುತ್ತಿತ್ತಲ್ಲ, ಥೇಟ್ ಆ ಬಗೆಯದು. ಇದರ ಜೊತೆಗೆ ಸುಮಾರು 15,000 ಲೊಕೇಶನ್ ಫೋಟೋ. ಯುದ್ಧದ ದೃಶ್ಯಕ್ಕೆ ರೊಮೇನಿಯಾ ಸೈನ್ಯದಿಂದ 40,000 ಕಾಲಾಳು, 10,000 ಕುದುರೆ ಸವಾರರನ್ನು ಎರವಲು ಪಡೆಯುವ ಲೆಕ್ಕಾಚಾರ. ನೆಪೋಲಿಯನ್‌ನ ಹೆಂಡತಿ ಜೋಸೆಫೀನ್ ಪಾತ್ರಕ್ಕೆ ಆಡ್ರೆ ಹೆಪ್‌ಬರ್ನ್‌ಳನ್ನು ಕೇಳಿದ್ದ. ಆಕೆ ಬಹಳ ನಯವಾಗಿ ಒಲ್ಲೆ ಅಂದು ಕೈಯಲ್ಲೇ ಬರೆದ ಪತ್ರವೂ ಉಳಿದಿದೆ. ಅಷ್ಟರಲ್ಲಿ 1970ರಲ್ಲಿ ಬೇರೆಯವರು ತೆಗೆದ 'ವಾಟರ್‌ಲೂ' ಬಂದು ನೆಲಕಚ್ಚಿತು, ಹಣ ಹಾಕುವವರು ಹಿಂದೆ ಸರಿದರು.

ಸಿನಿಮಾ ಆಗಲೇ ಇಲ್ಲ. ಹಾಗಾಗಿ ಆ ಬೀರುವಿನ ಮುಂದೆ 'ಆಹಾ ಆ ಸೀನು!' ಅನ್ನುವುದಕ್ಕೆ ಯಾರಿಗೂ ಏನೂ ಇರಲಿಲ್ಲ. ಕಣ್ಣಿಗೆ ಬೀಳುವುದು ಕೆಲಸ ಒಂದೇ. ನಿರ್ದೇಶಕನ ಪ್ರದರ್ಶನ ಅಂದರೆ ಇದು ಅಂತ ನನ್ನ ವಾದ.

ನೆಪೋಲಿಯನ್‌ಗೆಂದು ಸಿದ್ಧಪಡಿಸಿದ್ದರಲ್ಲಿ ಸ್ವಲ್ಪ ಅವನ ಮುಂದಿನ ಚಿತ್ರ 'ಬ್ಯಾರಿ ಲಿಂಡನ್'ಗೆ ಕೆಲಸಕ್ಕೆ ಬಂತು ಅಂತ ನನ್ನ ಊಹೆ, ಶತಮಾನ ಹೆಚ್ಚು ಕಡಿಮೆ ಒಂದೇ. ಆ ಚಿತ್ರದ ಪ್ರಸಿದ್ಧ ಲೆನ್ಸೂ ಪ್ರದರ್ಶನದಲ್ಲಿತ್ತು: ಕಾರ್ಲ್ ಜೈಸ್ ಕಂಪನಿ ನಾಸಾಕ್ಕೆಂದು ಮಾಡಿಕೊಟ್ಟ 50 ಎಂಎಂ, ಎಫ್ 0.7, ಅಂದರೆ ತೀರಾ ಕಡಿಮೆ ಬೆಳಕಲ್ಲೂ ಚಿತ್ರ ತೆಗೆಯಬಲ್ಲದ್ದು. ಮಾಡಿದ್ದೇ ಹತ್ತು, ಅದರಲ್ಲಿ ಮೂರು ಕುಬ್ರಿಕ್ ಕೊಂಡ. ಮೇಣದಬತ್ತಿ ಬೆಳಕಲ್ಲೇ ಶೂಟ್ ಮಾಡಿದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಲೆನ್ಸ್ ಸುಮ್ಮನೆ ತಿರುಗಿಸಿ ಹಾಕುವಂಥದ್ದಲ್ಲ. ಅದರ ಹಿಂಭಾಗ ಫಿಲ್ಮಿಗೆ ತೀರಾ ಹತ್ತಿರ ಕೂರಬೇಕು, ಹಾಗಾಗಿ ಎಡ್ ಡಿಜೂಲಿಯೊ ಎಂಬ ತಂತ್ರಜ್ಞ ಮಿಚೆಲ್ ಕ್ಯಾಮೆರಾವನ್ನೇ ಕೊರೆದು ಹೊಂದಿಸಬೇಕಾಯಿತು. ಫೋಕಸ್ಸೂ ಅಷ್ಟೇ ನಾಜೂಕು, ನಟ ತಲೆ ಚೂರು ಮುಂದೆ ತಂದರೆ ಮುಖ ಮಸುಕು. ಆ ದೃಶ್ಯಗಳಲ್ಲಿ ಎಲ್ಲರೂ ಚಿತ್ರಪಟದಲ್ಲಿದ್ದ ಹಾಗೆ ಅಲುಗದೆ ಕೂತಿರುವುದಕ್ಕೆ ಅರ್ಧ ಕಾರಣ ಇದು. ಮೆಜೆಸ್ಟಿಕ್‌ನಲ್ಲಿ ಕೊಂಡ ಡಿವಿಡಿಯಲ್ಲಿ ಆ ಸಿನಿಮಾ ನೋಡಿ 'ಅಬ್ಬಾ ಎಂಥ ಶೈಲಿ' ಅಂತ ಚರ್ಚೆ ಮಾಡುತ್ತಿದ್ದ ನಮ್ಮ ಗುಂಪಿಗೆ ಈ ಗಾಜಿನ ತುಂಡು ತೋರಿಸಬೇಕಿತ್ತು.

ಇಷ್ಟೆಲ್ಲ ಹೊಗಳಿ ತಕರಾರಿಗೆ ಬರುತ್ತೇನೆ.

'ಐಸ್ ವೈಡ್ ಶಟ್' ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ, ಕುಬ್ರಿಕ್ ಇಂಗ್ಲೆಂಡ್ ಬಿಟ್ಟು ಕದಲುವ ಪೈಕಿ ಅಲ್ಲ. ('ಫುಲ್ ಮೆಟಲ್ ಜಾಕೆಟ್' ಚಿತ್ರದ ವಿಯೆಟ್ನಾಂ ಯುದ್ಧವನ್ನೇ ಪೂರ್ವ ಲಂಡನ್ನಿನ ಬೆಕ್ಟನ್ ಗ್ಯಾಸ್ ಕಾರ್ಖಾನೆಯಲ್ಲಿ, ಸ್ಪೇನಿನಿಂದ ತಾಳೆಮರ ತರಿಸಿ ನಡೆಸಿದ ಮನುಷ್ಯ!) ಸರಿ, ನ್ಯೂಯಾರ್ಕಿನಂಥ ಬೀದಿ ಲಂಡನ್ನಿನಲ್ಲೇ ಸಿಗಬೇಕು. ಹೆಂಡತಿಯ ಅಣ್ಣತಮ್ಮಂದಿರ ಪೈಕಿ ಯಾನ್ ಹಾರ್ಲನ್ ಅವನ ನಿರ್ಮಾಪಕ. ಯಾನ್‌ನ ಮಗ ಮ್ಯಾನುಯೆಲ್ ಹಾರ್ಲನ್ ಏಣಿ ಹೊತ್ತುಕೊಂಡು ಕಮರ್ಷಿಯಲ್ ರೋಡಿಗೆ ಹೋದ. ಏಣಿ ಹತ್ತು, ಒಂದು ಫೋಟೋ ತೆಗಿ, ಇಳಿ, ಏಣಿ ಚೂರು ಪಕ್ಕಕ್ಕೆ ಜರುಗಿಸು, ಮತ್ತೆ ಹತ್ತು. ಕೆಳಗಿನಿಂದ ತೆಗೆದರೆ ಕಟ್ಟಡ ಓರೆಯಾಗುತ್ತದಲ್ಲ, ಅದಕ್ಕೆ ಏಣಿ. ಆಮೇಲೆ ಎಲ್ಲವನ್ನೂ ಅಂಟಿಸಿ ಇಡೀ ರಸ್ತೆಯ ಒಂದು ಉದ್ದನೆಯ ಪಟ್ಟಿ. ಕೊನೆಗೆ ಮುಖ್ಯ ಬೀದಿಗಳನ್ನು ಪೈನ್‌ವುಡ್ ಸ್ಟುಡಿಯೋದಲ್ಲಿ ಸೆಟ್ ಹಾಕಿ ತೆಗೆದರು.

ನೋಡಿದವರೆಲ್ಲ ಏನಂತಾರೆ? 'ಕುಬ್ರಿಕ್ ಎಂಥ ಪರ್ಫೆಕ್ಷನಿಸ್ಟ್!' ಅಲ್ಲ ಸ್ವಾಮಿ, ಏಣಿ ಹತ್ತಿದ್ದು ಯಾರು? ಪ್ರದರ್ಶನಕ್ಕೆ ಒಬ್ಬನ ಹೆಸರು ಇಟ್ಟ ಕೂಡಲೇ ಎಲ್ಲರ ಬೆವರೂ ಅವನ ಖಾತೆಗೆ ಜಮಾ ಆಗುತ್ತದೆ. ಕೆನ್ ಆಡಂ ಥರದ ಹೆಸರಾಂತ ಕಲಾ ನಿರ್ದೇಶಕರಿಗೆ ಹೇಗೋ ಪಾಲು ಸಿಗುತ್ತದೆ, ಕಾರ್ಡು ಬರೆದ ವಿದ್ಯಾರ್ಥಿಗೆ ಇಲ್ಲ. 'ಬ್ಯಾರಿ ಲಿಂಡನ್'ನಲ್ಲಿ ಚೆನ್ನಾಗಿ ನಟಿಸಿ, ಮುಂದೆ ನಟನೆಯನ್ನೇ ಬದಿಗಿಟ್ಟು ಕುಬ್ರಿಕ್ ಸಾಯುವತನಕ ಅವನ ಸಹಾಯಕನಾಗಿ ದುಡಿದ ಲಿಯಾನ್ ವಿಟಾಲಿಯ ಮೇಲೆ ಸಾಕ್ಷ್ಯಚಿತ್ರ ಬಂದದ್ದು 2017ರಲ್ಲಿ, ಕುಬ್ರಿಕ್ ಹೋಗಿ 18 ವರ್ಷವಾದ ಮೇಲೆ. 'ದಿ ಶೈನಿಂಗ್' ಸೆಟ್ಟಿನಲ್ಲಿ ನಟಿ ಶೆಲ್ಲಿ ಡುವಾಲ್ ಪಟ್ಟ ಪಾಡಿಗೂ ಇದೇ 'ಪರ್ಫೆಕ್ಷನ್' ಎಂಬ ಶಾಲು ಹೊದಿಸಿ ಎಷ್ಟು ಕಾಲ ಸುಮ್ಮನಿದ್ದೆವು.

ತಮಾಷೆ ಅಂದರೆ, ಈ ತಕರಾರು ಮಾಡುವುದಕ್ಕೆ ಬೇಕಾದ ಸಾಕ್ಷಿಯನ್ನೂ ಕುಬ್ರಿಕ್ಕೇ ಎತ್ತಿಟ್ಟಿದ್ದಾನೆ. ಸೇಂಟ್ ಆಲ್ಬನ್ಸ್ ಹತ್ತಿರದ ಅವನ ಮನೆ ತುಂಬ ಪೆಟ್ಟಿಗೆಗಳು. 2004ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಈ ಪ್ರದರ್ಶನ ಶುರುವಾದದ್ದೂ ಅವುಗಳಿಂದಲೇ, 2007ರಲ್ಲಿ ಅವು ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಲಂಡನ್‌ಗೆ ಸೇರಿದವು. ಸಾಲ್ ಬಾಸ್‌ನಂಥ ದಿಗ್ಗಜ ವಿನ್ಯಾಸಕ ಕಳಿಸಿದ ಪೋಸ್ಟರ್ ಸ್ಕೆಚ್ಚುಗಳ ಮೇಲೆ ಕುಬ್ರಿಕ್ ಒಂದೊಂದಾಗಿ 'ಇದು ಬೇಡ' ಅಂತ ಗೀಚಿದ್ದೂ ಬಿಸಾಡದೆ ಉಳಿದಿದೆ.

ನಮ್ಮ ಕಡೆ 'ಘಟಶ್ರಾದ್ಧ' ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಲು ಸಾಧ್ಯವಾದದ್ದು ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿ ನೆಗೆಟಿವ್ ಉಳಿದಿದ್ದಕ್ಕೆ. ನೆಗೆಟಿವ್ ಬಗ್ಗೆ ಈಗೀಗ ಮಾತಾಡುತ್ತಿದ್ದೇವೆ, ಸಂತೋಷ. ಕಾಗದದ ಬಗ್ಗೆ ಯಾರೂ ಕೇಳುತ್ತಿಲ್ಲ. ನನ್ನ ಫ್ರೆಂಡ್ ಲಿಸ್ಟಿನಲ್ಲಿ ಕನ್ನಡ ಚಿತ್ರಗಳಿಗೆ ಅಸಿಸ್ಟೆಂಟ್ ಆಗಿ ದುಡಿದವರು, ಅವರ ಮಕ್ಕಳು ಇದ್ದೀರಿ. ಅಟ್ಟದ ಮೇಲೆ ಶಾಟ್ ಡಿವಿಷನ್ ಬರೆದ ನೋಟ್‌ಬುಕ್ಕು, ಕಂಟಿನ್ಯುಟಿ ಶೀಟು, ಸ್ಟಿಲ್ ಆಲ್ಬಮ್ ಏನಾದರೂ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಮೆಸೇಜ್ ಮಾಡಿ. ಮನೆಗೇ ಬಂದು ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡುತ್ತೇನೆ. ಕಾಫಿ ಕೊಟ್ಟರೆ ಸಾಕು.