ಚಾರ್ಜರ್ ಫ್ರೀ, ಗೋಡೆ ನಿಮ್ಮದು

"ಸರ್, ಎಲೆಕ್ಟ್ರಿಕ್ ಕಾರಿನ ಜೊತೆ ಹೋಮ್ ಚಾರ್ಜರ್ ಫ್ರೀ" ಅಂದ ಶೋರೂಮಿನ ಹುಡುಗ. ಗೋಡೆಗೆ ಹಾಕೋದು? "ಅದೂ ಫ್ರೀ ಸರ್. ಸ್ಟ್ಯಾಂಡರ್ಡ್ ಇನ್‌ಸ್ಟಾಲೇಷನ್." ಆ 'ಸ್ಟ್ಯಾಂಡರ್ಡ್' ಅನ್ನೋ ಪದವನ್ನು ಎಷ್ಟು ಮೆತ್ತಗೆ ಹೇಳಿದ ಅಂದರೆ, ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದುಕೊಂಡೆ.

ಬ್ರೋಷರಿನಲ್ಲಿ 'ಫ್ರೀ' ಪದದ ತಲೆ ಮೇಲೆ ಒಂದು ನಕ್ಷತ್ರ ಇತ್ತು. ನಕ್ಷತ್ರದ ಫಲ ಕೊನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಮೀಟರಿನಿಂದ ಕಾರಿಗೆ ನಾಲ್ಕು ಹೆಜ್ಜೆಗಿಂತ ಜಾಸ್ತಿ ದೂರ ಇರಬಾರದು. ನಡುವೆ ಗೋಡೆ ಕೊರೆಯುವ ಹಾಗಿರಬಾರದು. ನೆಲ ಅಗೆಯುವ ಹಾಗಿರಬಾರದು. ಅರ್ಥಿಂಗ್ ಗಟ್ಟಿಯಾಗಿರಬೇಕು. ಮನೆಗೆ ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಬಹುದಾದ ಕರೆಂಟಿನ ಮಿತಿ) ಸಾಕಷ್ಟಿರಬೇಕು. ಅಂದರೆ ಮೊದಲು ಮೀಟರ್ ಹಾಕಿ, ಅದರ ಕೆಳಗೆ ಕಾರು ನಿಲ್ಲಿಸಿ, ಆಮೇಲೆ ಸುತ್ತ ಮನೆ ಕಟ್ಟಿಕೊಂಡವರಿಗೆ ಎಲ್ಲವೂ ಫ್ರೀ.

ಸೈಟ್ ಸರ್ವೆಗೆ ಒಬ್ಬರು ಬಂದರು. ಕೈಯಲ್ಲಿ ದೂರ ಅಳೆಯುವ ಲೇಸರ್. ಅದರ ಕೆಂಪು ಚುಕ್ಕೆ ಹಾಲ್ ದಾಟಿ ಅಡುಗೆಮನೆ ಗೋಡೆ ಹತ್ತುವಾಗ ನಮ್ಮ ಬೆಕ್ಕು ಎದ್ದು ಅದರ ಹಿಂದೆ ಓಡಿತು. ಆ ಸರ್ವೆಯಿಂದ ಸುಖಪಟ್ಟ ಜೀವ ಅದೊಂದೇ. ಸರ್ವೆಯವರು ಪ್ರತಿ ತಿರುವಿಗೂ ನಿಂತು "ಛೇ" ಅನ್ನುತ್ತಿದ್ದರು. ನಾನು ಎಣಿಸಿದೆ. ಐದು 'ಛೇ' ಆದವು. ಮೀಟರ್ ಬೋರ್ಡಿನ ಮುಚ್ಚಳ ತೆಗೆದು ಮಾತ್ರ ಏನೂ ಅನ್ನಲಿಲ್ಲ. ನನಗೆ ಹೆದರಿಕೆ ಆಗಿದ್ದು ಅಲ್ಲೇ.

ಎರಡು ದಿನಕ್ಕೆ ಎಸ್ಟಿಮೇಟ್ ಬಂತು. ಚಾರ್ಜರ್ ಎದುರಿಗೆ ದೊಡ್ಡ ಸೊನ್ನೆ. ಅದರ ಕೆಳಗೆ ಶುರುವಾಯಿತು ನೋಡಿ: ಕೇಬಲ್, ಕೇಬಲ್ ಹೋಗೋಕೆ ಪೈಪು, ಪೈಪು ಹಿಡಿಯೋಕೆ ಕ್ಲ್ಯಾಂಪು, ಗೋಡೆ ಕೊರೆಯೋಕೆ ಒಂದು ದರ, ಕೊರೆದದ್ದನ್ನು ಮುಚ್ಚೋಕೆ ಇನ್ನೊಂದು ದರ, ಲೋಡ್ ಮೀರಿದರೆ ಕರೆಂಟ್ ಕಡಿಯೋ ಎಂಸಿಬಿ, ಕರೆಂಟ್ ಸೋರಿದರೆ ಕಡಿಯೋ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಗುಂಡಿ, ಲೋಡ್ ಹೆಚ್ಚಿಸೋ ಅರ್ಜಿ, ಆ ಅರ್ಜಿಯ ಹಿಂದೆ ಓಡಾಡೋರ ಖರ್ಚು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಇಲ್ಲಿ ಮೂಗನ್ನೇ ಪುಕ್ಕಟೆ ಕೊಟ್ಟಿದ್ದರು.

ಒಂದು ಮಾತು ಹೇಳಿಬಿಡುತ್ತೇನೆ, ವೈರಿನವರ ಮೇಲೆ ನನಗೆ ಸಿಟ್ಟಿಲ್ಲ. ಗೀಸರ್ ಅರ್ಧ ಗಂಟೆ ಕೆಲಸ ಮಾಡಿ ಸುಮ್ಮನಾಗುತ್ತದೆ. ಕಾರು ಹಾಗಲ್ಲ, ರಾತ್ರಿಯಿಡೀ ಒಂದೇ ಸಮನೆ ಕರೆಂಟ್ ಎಳೆಯುತ್ತದೆ. 32 ಆಂಪಿಯರ್ ಗಂಟೆಗಟ್ಟಲೆ ಹರಿದರೆ ತೆಳ್ಳಗಿನ ವೈರು ಕಾಯುತ್ತದೆ, ಸಡಿಲ ಸ್ಕ್ರೂ ಇದ್ದಲ್ಲಿ ಪ್ಲಾಸ್ಟಿಕ್ ಕರಗುತ್ತದೆ. ಅದಕ್ಕೇ 6 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಕೇಳುತ್ತಾರೆ, ದೂರ ಜಾಸ್ತಿಯಾದರೆ 10. ಅರ್ಥಿಂಗ್‌ನಲ್ಲಿ ಉಳಿಸಿದ ದುಡ್ಡು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಾಗ ಲೆಕ್ಕ ಕೇಳುತ್ತದೆ. ಇದೆಲ್ಲ ಬೇಕಾದ್ದೇ. ಆದರೆ ಬೇಕಾದ್ದೆಲ್ಲ ನಕ್ಷತ್ರದ ಕೆಳಗೆ ಅಡಗಿ, ಗೋಡೆಗೇರುವ ಆ ಜಂಬದ ಪೆಟ್ಟಿಗೆ ಮಾತ್ರ ಜಾಹೀರಾತಿನಲ್ಲಿ ಕೂತಿದೆಯಲ್ಲ, ಅದೇ ತಮಾಷೆ.

ಇನ್ನೂ ದೊಡ್ಡ ತಮಾಷೆ ಬೇರೆ ಇದೆ. ಆ ಪೆಟ್ಟಿಗೆ ಚಾರ್ಜರೇ ಅಲ್ಲ.

ಹೌದು. ಮನೆಗೆ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡಿ ತುಂಬುವ ನಿಜವಾದ ಚಾರ್ಜರ್ ಕಾರಿನೊಳಗೇ ಇದೆ. ಕಾರಿನ ಜೊತೆಗೇ ಅದಕ್ಕೂ ದುಡ್ಡು ಕೊಟ್ಟಾಗಿದೆ. ಗೋಡೆ ಮೇಲಿನದ್ದು ಸ್ವಲ್ಪ ಓದಿಕೊಂಡ ಸ್ವಿಚ್ಚು. ಅದು ಸೆಕೆಂಡಿಗೆ 1000 ಸಲ ಮಿಡಿಯುವ ಒಂದು ಸಂಕೇತ ಕಳಿಸಿ ಕಾರಿಗೆ "ಇಷ್ಟು ಆಂಪಿಯರ್ ತನಕ ಎಳೆದುಕೋ" ಅನ್ನುತ್ತದೆ. ಕಾರು ಸರಿ ಅಂದರೆ ಒಳಗೆ ರಿಲೇ 'ಟಕ್' ಅನ್ನುತ್ತದೆ. ಕರೆಂಟ್ ಎಲ್ಲಾದರೂ ಸೋರಿದರೆ ಮತ್ತೆ 'ಟಕ್'. ಕೆಲಸ ಮುಖ್ಯವಾದದ್ದೇ, ಇಲ್ಲ ಅನ್ನಲ್ಲ. ಆದರೆ ಗೇಟ್ ಕಾಯುವವರನ್ನು ಮನೆ ಯಜಮಾನರು ಅಂತ ಪರಿಚಯ ಮಾಡಿಕೊಟ್ಟ ಹಾಗಾಯ್ತು, ಅಲ್ವಾ?

1910ರ ದಶಕದಲ್ಲೂ ಎಲೆಕ್ಟ್ರಿಕ್ ಕಾರುಗಳು ಓಡುತ್ತಿದ್ದವು. ಪೆಟ್ರೋಲ್ ಕಾರುಗಳ ಸರದಾರ ಹೆನ್ರಿ ಫೋರ್ಡ್ ಅವರ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದೇ ಡೆಟ್ರಾಯಿಟ್ ಎಲೆಕ್ಟ್ರಿಕ್ ಅನ್ನುವ ಬ್ಯಾಟರಿ ಕಾರು. ಆಗಿನ ಕಾಲದ ಅನುಕೂಲಸ್ಥರು ಕಾರಿನ ಶೆಡ್ಡಿನಲ್ಲಿ ಪಾದರಸ ತುಂಬಿದ ಗಾಜಿನ ಬುರುಡೆಯೊಂದನ್ನು ಇಟ್ಟುಕೊಳ್ಳುತ್ತಿದ್ದರು. ನೀಲಿ ಬೆಳಕು ಚೆಲ್ಲುತ್ತಾ ಅದು ಎಸಿಯನ್ನು ಡಿಸಿ ಮಾಡುತ್ತಿತ್ತು. ನೋಡೋಕೆ ಮಾಟದ ಸಾಮಾನಿನ ಹಾಗಿದ್ದರೂ ಅದು ಅಪ್ಪಟ ಚಾರ್ಜರ್. ನಮ್ಮ ಪೆಟ್ಟಿಗೆಯಲ್ಲೂ ನೀಲಿ ಬೆಳಕಿದೆ. ಅದು ಬರೀ ಎಲ್‌ಇಡಿ.

ಎಸ್ಟಿಮೇಟ್ ಕೊಟ್ಟವರು ಅಲ್ಲಿಗೇ ಬಿಡಲಿಲ್ಲ. "ಸರ್, ಹೇಗೂ ಗೋಡೆ ಕೊರೀತಾ ಇದ್ದೀವಿ. 7.4 ಯಾಕೆ, 22 ಕಿಲೋವ್ಯಾಟ್‌ದೇ ಹಾಕಿಸಿಬಿಡಿ. ಮುಂದಕ್ಕೆ ಆಗುತ್ತೆ." ನನ್ನ ಕಾರಿನ ಒಳಗಿರುವ ಚಾರ್ಜರ್ ತೆಗೆದುಕೊಳ್ಳುವುದೇ ಹೆಚ್ಚೆಂದರೆ 7.4. ಮೇಲೆ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಿಸಿದರೂ ಕೆಳಗಿನ ನಲ್ಲಿಯಲ್ಲಿ ಬರುವಷ್ಟೇ ನೀರು. "ಮುಂದಿನ ಕಾರಿಗೆ ಬರುತ್ತೆ ಸರ್" ಅಂದರು. ಈ ಕಾರಿನ ಮೊದಲ ಕಂತೇ ಇನ್ನೂ ಕಟ್ಟಿಲ್ಲ ಮಾರಾಯರೇ! ಅದೂ ಅಲ್ಲದೆ 22ಕ್ಕೆ ತ್ರೀ ಫೇಸ್ ಬೇಕು. ಅಂದರೆ ಮೀಟರ್ ಬದಲು, ಬೋರ್ಡ್ ಬದಲು, ಮತ್ತೆ ಐದು 'ಛೇ'.

ರಾತ್ರಿ ಕೂತು ಲೆಕ್ಕ ಹಾಕಿದೆ. ನಾನು ದಿನಕ್ಕೆ ಓಡಿಸೋದು 40 ಕಿಲೋಮೀಟರ್. ಕಿಲೋಮೀಟರಿಗೆ 150 ವ್ಯಾಟ್-ಅವರ್ ಅಂದರೂ 6 ಯೂನಿಟ್, ದಾರಿಯಲ್ಲಿ ಸೋರುವುದು ಸೇರಿ 7 ಅನ್ನಿ. 16 ಆಂಪಿಯರ್ ಸಾಕೆಟ್‌ನಿಂದ 3.3 ಕಿಲೋವ್ಯಾಟ್ ಸಿಗುತ್ತದೆ. ಎರಡು ಗಂಟೆ ಚಿಲ್ಲರೆಯಲ್ಲಿ ಕೆಲಸ ಮುಗೀತು. ಅದಕ್ಕೆಂದೇ ಒಂದು ಪ್ರತ್ಯೇಕ ಲೈನು, ಒಳ್ಳೆ ಸಾಕೆಟ್, ಒಳ್ಳೆ ಅರ್ಥಿಂಗ್ ಇದ್ದರೆ ಸಾಕಿತ್ತು. ಕಾರು ಉಳಿದ ಹೊತ್ತು ಸುಮ್ನೆ ನಿಂತಿರುತ್ತದೆ. ಇಷ್ಟು ಕಂಡುಕೊಂಡು ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ. ಅವಳು ಸರ್ವೆಯ ನಕ್ಷೆ ನೋಡಿ, "ರೀ, ಕಾರನ್ನೇ ಮೀಟರ್ ಕಡೆ ತಂದು ನಿಲ್ಲಿಸಿದರೆ ಅರ್ಧ ಕೇಬಲ್ ಬೇಡ ಅಲ್ವಾ?" ಅಂದಳು. ಲೇಸರ್ ಹಿಡಿದು ಬಂದವರಿಗೂ ಇದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು. ಪೆಟ್ಟಿಗೆ ಗೋಡೆಗೇರಿತು. ಅದು 'ಸ್ಮಾರ್ಟ್' ಬೇರೆ. ಅದಕ್ಕೊಂದು ಆ್ಯಪ್, ಆ್ಯಪಿಗೊಂದು ಪಾಸ್‌ವರ್ಡ್, ಪಾಸ್‌ವರ್ಡಿಗೊಂದು ಓಟಿಪಿ. ವೈಫೈ ಮಾತ್ರ ಕಾರು ನಿಲ್ಲುವ ಜಾಗದ ತನಕ ಬರಲ್ಲ. ರಾತ್ರಿ ಹನ್ನೊಂದಕ್ಕೆ ಶುರುವಾಗಲಿ ಅಂತ ಪೆಟ್ಟಿಗೆಯಲ್ಲಿ ಟೈಮರ್ ಇಟ್ಟೆ. ಬೆಳಗ್ಗೆ ಹೋಗಿ ನೋಡಿದರೆ ಬ್ಯಾಟರಿ ನಿನ್ನೆಯ 31 ಪರ್ಸೆಂಟಿನಲ್ಲೇ ಇದೆ. ಆಮೇಲೆ ಗೊತ್ತಾಯಿತು, ಕಾರಿನೊಳಗೂ ಒಂದು ಟೈಮರ್ ಇತ್ತು, ಅದನ್ನು ನಾನೇ ಹಿಂದಿನ ವಾರ ಬೆಳಗ್ಗೆ ಐದಕ್ಕೆ ಇಟ್ಟಿದ್ದೆ. ಪೆಟ್ಟಿಗೆ ಹನ್ನೊಂದಕ್ಕೆ "ತಗೋ" ಅಂದಿದೆ, ಕಾರು "ಈಗಲ್ಲ" ಅಂದಿದೆ. ಐದಕ್ಕೆ ಕಾರು "ಈಗ ಕೊಡು" ಅಂದಾಗ ಪೆಟ್ಟಿಗೆಯ ಸಮಯ ಮುಗಿದಿದೆ. ಇಡೀ ರಾತ್ರಿ ಎರಡೂ ಮುಖ ನೋಡಿಕೊಂಡು ನಿಂತಿವೆ, ಮಧ್ಯೆ ಅಷ್ಟು ದಪ್ಪದ ಕೇಬಲ್ಲು. ಡಿಕ್ಕಿಯಲ್ಲಿ ಕಾರಿನ ಜೊತೆ ಬಂದ ಸಾದಾ ಕೇಬಲ್ ಇತ್ತು. ಅದನ್ನು ಗೀಸರಿನ ಸಾಕೆಟ್‌ಗೆ ಸಿಕ್ಕಿಸೋಣ ಅಂತ ಕೈ ಹೋಯಿತು. ಕರಗುವ ಪ್ಲಾಸ್ಟಿಕ್ ನೆನಪಾಗಿ ಬಿಟ್ಟೆ. ಅವತ್ತು ಆಟೋದಲ್ಲಿ ಹೋದೆ.

ಮೊನ್ನೆ ಪಕ್ಕದ ಮನೆಯವರು ಗೋಡೆ ಹತ್ತಿರ ನಿಂತು ಆ ನೀಲಿ ಬೆಳಕನ್ನೇ ನೋಡುತ್ತಿದ್ದರು. ಅವರೂ ಕಾರು ಬುಕ್ ಮಾಡೋ ಯೋಚನೆಯಲ್ಲಿದ್ದಾರಂತೆ.

"ಏನ್ ಸಾರ್, ಚಾರ್ಜರಿಗೆ ಎಷ್ಟಾಯ್ತು?"

"ಚಾರ್ಜರಾ? ಫ್ರೀ ಕೊಟ್ರು" ಅಂದೆ.